ಹಿಟ್ಟಿನ ಮ್ಯಾಲಿನ ಗುರುತು

ನಾಕು ದಿನಕ್ಕೊಮ್ಮೆ ನಳ ಬರೋ ಕಲಬುರಗಿಯಾಗ
ಮಷೀನು ಸೋರೂದು ಅಂದ್ರ
ಹರಕು ಕಿಸೆದಾಗ ರೊಕ್ಕ ಇಟ್ಕೊಂಡು ಸಂತಿಗಿ ಹೋದಂಗ.

ಮೊದಲ ಗೊತ್ತಾಗಿದ್ದು ನನಗಲ್ಲ, ಫರ್ಸಿಗಿ.
ಒಣಗಿದ್ರ ಬೂದಿ ಬಣ್ಣ, ಹಸಿ ಆದ್ರ ಕರಿ,
ಶಹಾಬಾದ ಕಲ್ಲಿಗಿ ಸುಳ್ಳು ಹೇಳ್ಲಿಕ್ಕ ಬರಲ್ಲ.
ಆಮ್ಯಾಲ ಕೆಳಗಿನ ಮನಿ ಮಾಣಿಕಬಾಯಿ
ಮೆಟ್ಟಲ ಹತ್ತಿ ಬಂದು, ಉಸಿರು ಬಿಟ್ಟು,
"ನಮ್ಮ ಛತ್ತಿನ್ಯಾಗ ನಿಮ್ಮ ನೀರು ನಕ್ಷಾ ಬರ್ದದ" ಅಂದಳು.

ಭಿಶಿ ಎತ್ತಿ ತಂದ ಮಷೀನು.
ರಿಪೇರಿ ಮಾಡೋ ಜಿಲಾನಿಗಿ ಫೋನ್ ಮಾಡಿದ್ರ
ಮೂರು ದಿನ "ಬಂದೇ ಬಿಟ್ಟೆ ಅಕ್ಕಾ" ಅಂದ.
ಅವನ ಬರೂದು ನಮ್ಮ ಜೇವರ್ಗಿ ಗಾಡಿ ಇದ್ದಂಗ:
ಬೋರ್ಡ್ ಹಾಕ್ಯಾದ, ಡ್ರೈವರ್ ಚಾ ಕುಡೀಲಿಕ್ಕ ಹೋಗ್ಯಾನ.

ಐತವಾರ ನನಗ ರಜಾ.
ಹನ್ನೊಂದು ವರ್ಷದ ಕಂಡಕ್ಟರ್ ನಾ.
ಕಾಲಿಡ್ಲಿಕ್ಕ ಜಾಗ ಇಲ್ಲದ ಬಸ್ಸಿನ್ಯಾಗ ಟಿಕೆಟ್ ತಗೊಳ್ಳದವನ್ನ
ಮಾರಿ ನೋಡೇ ಹಿಡೀತೀನಿ,
ಒಂದು ಹನಿ ಹಿಡಿಯಲ್ಲೇನು?

ಮಷೀನಿನ ಕೆಳಗ ನೆಲ ಒರೆಸಿ
ಜ್ವಾಳದ ಹಿಟ್ಟು ಸಾಣಿಸಿದೆ, ತೆಳ್ಳಗ.
(ಅನ್ನ ನೆಲಕ್ಕ ಹಾಕ್ತಿ ಏನ, ಅಂತ ಸತ್ತ ಅತ್ತಿ ಒಳಗಿಂದ ಬೈದಳು. ಬೈಲಿ.)
ಬರೇ ನೀರು ತುಂಬಿಸಿದೆ: ಹಿಟ್ಟು ಹಂಗೇ.
ಕಾಲು ತಾಸು ತಿರುವಿದೆ, ಖಾಕಿ ಪ್ಯಾಂಟು ಒಳಗ ಗುದ್ದಾಡ್ತು:
ಹಿಟ್ಟು ಹಂಗೇ.
ನೀರು ಹೊರಗ ಬಿಟ್ಟ ಗಳಿಗ್ಯಾಗ
ಹಿಂದಿನ ಎಡಗಾಲಿನಿಂದ ಒಂದು ಗೇಣು ಈಚಿಗಿ
ಟಪ್.
ಹಿಟ್ಟಿನ್ಯಾಗ ಸಣ್ಣದೊಂದು ಕುಣಿ.
ಮತ್ತೊಂದು ಟಪ್, ಅದೇ ಕುಣಿಗಿ.

ಟಬ್ ಅಲ್ಲ, ನಳದ ಪೈಪ್ ಅಲ್ಲ,
ಹೊರಗ ಹೋಗೋ ಹಾದ್ಯಾಗೇ ಕಳ್ಳ.

ಪ್ಲಗ್ ಕಿತ್ತು, ತೊಗರಿ ಚೀಲ ಗ್ವಾಡಿಗಿ ಆನಿಸಿ
ಮಷೀನು ಅದರ ಮ್ಯಾಲ ವಾಲಿಸಿ
ಭಾಗೂಗ ಬ್ಯಾಟರಿ ಹಿಡಿ ಅಂದೆ.
ಹಿಡದಳು, ಮಾತಿಲ್ಲದ.
ಆಷಾಢದಿಂದ ನನ್ನ ಮಗಳು ನನ್ನ ಸಂಗಟ
ಚಿಲ್ಲರ ಎಣಿಸಿದಂಗ ಮಾತಾಡ್ತಾಳ.

ಕರಿ ಪೈಪಿನ ಮ್ಯಾಲ, ಕ್ಲಿಪ್ಪಿನ ಬುಡಕ್ಕ,
ಹಲ್ಲಿನ ಗುರುತು, ಎರಡು ಸಾಲು.
ಇಲಿ.
ಮೋಟಾರಿನ ಬಾಜೂ, ಬೆಚ್ಚನ ಜಾಗದಾಗ ಅದರ ಗೂಡು:
ನನ್ನ ಟಿಕೆಟ್ ರೋಲಿನ ಚೂರು,
ಕಾಲಚೀಲದ ಒಂದು ಹಿಮ್ಮಡ,
ನಾಕು ತೊಗರಿ ಕಾಳು,
ನಡುವ, ಮೆತ್ತಗಿರಲಿ ಅಂತ ಸುರುಳಿ ಸುತ್ತಿ ಹಾಸಿದ್ದು
ಕೆಂಪು ರಿಬ್ಬನ್ನು.

ಬ್ಯಾಟರಿ ಬೆಳಕು ಅಲ್ಲೇ ನಿಂತು ಬಿಡ್ತು.

ಇದೇ ರಿಬ್ಬನ್ನಿಗಿ ಆಕಿ ಕಪಾಳಕ್ಕ ಹೊಡದಿದ್ದೆ.
ಸಾಲ್ಯಾಗ ಎಲ್ಲಿ ಒಗದು ಬಂದಿ ಅಂತ.
ಇಲ್ಲವ್ವಾ, ಮನ್ಯಾಗೇ ಇಟ್ಟಿದ್ದೆ ಅಂದಿದ್ದಳು.
ಇಂಥ ಮಾತು ಬಸ್ಸಿನ್ಯಾಗ ದಿನಾ ನೂರು ಕೇಳ್ತೀನಿ.
ಮಾರಿ ನೋಡೇ ಹಿಡೀತೀನಿ.

ಬ್ಲೇಡ್ ಕೊಡು ಅಂದೆ.
ಕಡಿದ ತುದಿ ಎರಡು ಬಟ್ಟು ಕೊಯ್ದು ತಗದು
ಉಳದದ್ದು ಬಿಸಿನೀರಿನ್ಯಾಗ ಅದ್ದಿ
ಮೂತಿಗಿ ಒತ್ತಿ ಏರಿಸಿ ಕ್ಲಿಪ್ ಬಿಗಿದೆ.
ಕೆಳಗ ಕಿಡಕಿ ಜಾಳಗಿ ಕಟ್ಟಿದೆ, ತಂತಿ ಹೆಬ್ಬಟ್ಟಿಗಿ ಚುಚ್ಚಿತು,
ಭಾಗು ಅರಿಷಿಣ ತಂದಳು.
"ತಪ್ಪಾತು" ಅಂದೆ, ಪೈಪಿನ ಕಡಿ ನೋಡ್ಕೋತ.
"ಯಾರಿಗಿ? ಪೈಪಿಗಾ?"
"ನಿನಗ."
ಬ್ಯಾಟರಿ ಆರಿಸಿದಳು.

ಮತ್ತ ನೀರು ಬಿಟ್ಟು ನೋಡಿದೆವು. ಹಿಟ್ಟು ಒಣ.
ಮಾಣಿಕಬಾಯಿಗಿ ಮ್ಯಾಲಿಂದೇ ಕೂಗಿ ಹೇಳಿದೆ.
ಹಿಟ್ಟು ಬಳೀಲಿಕ್ಕ ಮನಸ್ಸಾಗಲಿಲ್ಲ, ಹಂಗೇ ಬಿಟ್ಟೆ.

ಮುಂಜಾನಿ ನಳ ಬಂದಿತ್ತು. ಕೊಡ ತುಂಬಿ ಹೊರಚೆಲ್ಲಾಕತ್ತಿತ್ತು,
ಭಾಗು ನೆಲದ ಮ್ಯಾಲ ಬಗ್ಗಿ ಕುಂತಿದ್ದಳು.
ಹಿಟ್ಟಿನ್ಯಾಗ ಸಣ್ಣ ಸಣ್ಣ ಹೆಜ್ಜಿ,
ಮಷೀನಿಗಿ ಒಂದು ಸುತ್ತು, ಎರಡು ಸುತ್ತು,
ಜಾಳಗಿ ಮುಂದ ನಿಂತು, ನಿಂತು ತುಳದದ್ದು.

"ಅವ್ವಾ, ಅದರ ಮನಿ ನಾವು ಕಿತ್ತೇವಿ" ಅಂದಳು,
ಇಲಿ ಕಡದ ರಿಬ್ಬನ್ನು ಒಗದು
ಜಡಿಗಿ ಕಟ್ಕೊಂಡು.