ಜೈನಾಬಿಯವರ ಪಡಸಾಲೆ, ಮೂರನೇ ಸಲ

ಮೊದಲ ಸಲ ತೋರಿಸಿದಾಗ
ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ
ಅವರು ಕೇಳಿದ್ದು ಒಂದೇ:
'ಇದ್ರಾಗೆ ಯಾರಾರ ಇರ್ತಾರೇನವ್ವ?'

ಇರಲಿಲ್ಲ.
ಇಟಲಿಯ ಸೋಫಾ, ಬಿಳಿ ಅಮೃತಶಿಲೆ,
ಬಟ್ಟಲ ತುಂಬ ಯಾವ ಮರದಲ್ಲೂ ಬಿಡದ ಸೇಬು,
ಕಿಟಕಿಯಾಚೆ ಯಾವುದೋ ದೇಶದ ಮಂಜಿನ ಬೆಟ್ಟ,
ದಾವಣಗೆರೆಯ ಬಾಷಾನಗರದ ಅಡ್ಡರಸ್ತೆಯಲ್ಲಿ.
ಮುಟ್ಟಿದರೆ ಬೆರಳು ಕುಯ್ಯುವಂಥ ಮೇಜು.

ಅಂದು ರಾತ್ರಿ ಕೂತೆ.
ಮೊದಲು ಅಂಚು. ಲೋಕದಲ್ಲಿ ಯಾವ ಅಂಚೂ ಪೂರ್ತಿ ಚೂಪಲ್ಲ;
ಬಳಸಿದ ಸಾಬೂನಿನ ಹಾಗೆ ಕೂದಲೆಳೆಯಷ್ಟು ಸವೆಸಿದರೆ
ಅಲ್ಲೊಂದು ಬೆಳಕಿನ ಗೆರೆ ತಾನಾಗಿ ಬಂದು ಕೂರುತ್ತದೆ.
ಆಮೇಲೆ ಸೂರ್ಯ. ಅವನನ್ನು ಮಂಜಿನ ದೇಶದಿಂದ ಎಬ್ಬಿಸಿ ತಂದು
ಹದಿನಾಲ್ಕೂವರೆ ಡಿಗ್ರಿ ಉತ್ತರದಲ್ಲಿ ನಿಲ್ಲಿಸಿದೆ:
ಮಾರ್ಚ್ ತಿಂಗಳು, ಸಂಜೆ ನಾಲ್ಕೂಮುಕ್ಕಾಲು, ಪಡುವಣ ಕಿಟಕಿ.
ಅವರು ಬಿಡಲೊಲ್ಲದ ಹಳೇ ಗಿಳಿಹಸಿರು ಚಾಪೆಯ ಮೇಲೆ
ಗ್ರಿಲ್ಲಿನ ನೆರಳು ಓರೆಯಾಗಿ ಮಲಗಿತು,
ಚಾಪೆಗೆ ಬಡಿದ ಬಿಸಿಲು ಪುಟಿದೆದ್ದು
ಮೇಲೆ ಸೂರಿಗೆ ಚೂರು ಹಸಿರು ಬಳಿಯಿತು.
ನಾನು ಬಳಿದದ್ದಲ್ಲ.
ಲೆಕ್ಕ ಸರಿಯಿದ್ದರೆ ಬಣ್ಣಗಳೇ ನೆಂಟಸ್ತನ ಮಾಡುತ್ತವೆ.

ಉಳಿದದ್ದು ಕೊಳೆ.
ಸ್ವಿಚ್ಚಿನ ಸುತ್ತ ಬೆರಳಿನ ಮಬ್ಬು,
ದಿವಾನದ ಹಿಂದೆ ತಲೆ ಒರಗುವಲ್ಲಿ ಎಣ್ಣೆಯ ಅರ್ಧಚಂದ್ರ,
ಬಾಗಿಲ ನೆತ್ತಿಗೆ ಲೋಬಾನದ ಹೊಗೆ ಚಾಚಿದ ನಾಲಿಗೆ.
ಒಂದು ಕುರ್ಚಿ ಸೊಟ್ಟ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ.
ಹುಚ್ಚು ಹಿಡಿದು
ಸೋಫಾದ ಕಾಲಬಳಿ ಒಂದೇ ಒಂದು ಕಾಳು ಮಂಡಕ್ಕಿಯನ್ನೂ ಎಸೆದೆ;
ಅದರ ಹೊಟ್ಟೆಯ ಗೀರು ಬಿಡಿಸಲು ನಲವತ್ತು ನಿಮಿಷ.

ಗುಂಡಿ ಒತ್ತಿದೆ. ಫ್ಯಾನು ಬುಸುಗುಟ್ಟಿತು.
ಚಿತ್ರ ಮೊದಲು ಬರುವುದೇ ಹಾಗೆ:
ಕತ್ತಲ ಬಾಣಲೆಯಲ್ಲಿ ಬಿಸಿ ಮರಳಿಗೆ ಬಿದ್ದ ಅಕ್ಕಿ
ಪಟಪಟ ಅರಳಿದಂತೆ ಎಲ್ಲೆಲ್ಲೂ ಬಿಳಿ ಚುಕ್ಕೆ,
ಆಮೇಲೆ ಯಾರೋ ಜರಡಿ ಹಿಡಿದಂತೆ
ಮೆಲ್ಲಗೆ ಗೋಡೆ, ಮೆಲ್ಲಗೆ ಚಾಪೆ.
ಎರಡು ಗಂಟೆಗೆ ಕರೆಂಟು ಹೋಯಿತು. ಮತ್ತೆ ಮೊದಲಿಂದ.

ಎರಡನೇ ಸಲ ಅವರು ಬಹಳ ಹೊತ್ತು ಮಾತಾಡಲಿಲ್ಲ.
ನನಗೋ ಒಳಗೊಳಗೇ ಹಿಗ್ಗು.
ಸೆರಗಿನ ತುದಿಯಿಂದ ನನ್ನ ಪರದೆ ಒರೆಸಿದರು,
ಸ್ವಿಚ್ಚಿನ ಹತ್ತಿರ.
ಹೋಗಲಿಲ್ಲ. ಎಂಜಲು ಹಚ್ಚಿ ಮತ್ತೊಮ್ಮೆ ಒರೆಸಿದರು.

'ಮೂವತ್ತೊಂದು ವರ್ಷ ಭಟ್ಟಿ ಗೋಡೆ ಒರೆಸೀನಿ.
ಹೊಟ್ಟಿನ ಹೊಗೆ, ಟೈರಿನ ಹೊಗೆ, ಮೂಗಿನಾಗೆ ಮಸಿ.
ನಮ್ಮೆಜಮಾನ್ರು ಕೆಮ್ಮಿದ್ರೆ ಕರವಸ್ತ್ರ ಕಪ್ಪಾಗೋದು.
ಕೊಳೆ ಹೆಂಗಿರ್ತೈತಿ ಅಂತ ನಂಗೇ ತೋರಿಸ್ತೀಯೇನವ್ವ,
ಅದೂ ದುಡ್ಡು ಇಸ್ಕೊಂಡು?'

ನಾನು ಕಲಿತದ್ದು ಎಂಸಿಸಿ ಬಿ ಬ್ಲಾಕಿನವರ ಮನೆಗಳಲ್ಲಿ.
ಅಲ್ಲಿ ತುಸು ಬಿರುಕು, ತುಸು ತುಕ್ಕು ಇಟ್ಟರೆ
ಎಷ್ಟು ಸಹಜ, ಎನ್ನುತ್ತಾರೆ.
ಒರೆಸುವ ಕೈ ಬೇರೆಯವರದು.

ಈಗ ಮೂರನೇ ಸಲ. ಅಳಿಸುತ್ತಿದ್ದೇನೆ, ಅವರು ಪಕ್ಕದಲ್ಲೇ ಸ್ಟೂಲಿನ ಮೇಲೆ.
ಮಬ್ಬು ಹೋಯಿತು, ಅರ್ಧಚಂದ್ರ ಹೋಯಿತು,
ಬಾಗಿಲ ನೆತ್ತಿ ಹಾಲು ತೊಳೆದಂತಾಯಿತು.
ಕುರ್ಚಿ ಸೊಟ್ಟವೇ ಇರಲಿ ಅಂದರು, ಯಾಕೆಂದು ಹೇಳಲಿಲ್ಲ.
ಸೂರಿನ ಹಸಿರೂ ಇರಲಿ:
'ಚಾಪೆ ಬಣ್ಣ ಮ್ಯಾಲೆ ಹತ್ತೈತಿ ನೋಡು, ಖರೇನೇ ಹಂಗಾಗ್ತೈತಿ.'
ಸವೆಸಿದ ಅಂಚು ಅವರ ಕಣ್ಣಿಗೆ ಬೀಳಲೇ ಇಲ್ಲ;
ಮೇಜನ್ನು ಮಾತ್ರ ಗಾಜಿನ ಮೇಲಿಂದಲೇ ಒಮ್ಮೆ ಸವರಿದರು.

ಕೊನೆಗೆ ಆ ಕಾಳು.
ಅಳಿಸಲು ಹೋದೆ. ನನ್ನ ಮಣಿಕಟ್ಟು ಹಿಡಿದರು,
ಅಂಗೈ ಮರಳಿನಷ್ಟು ಒರಟು.

'ಎಷ್ಟು ಗುಡಿಸಿದ್ರೂ ಬರ್ತೈತಿ ಬಿಡು ಅದು.
ಆದ್ರೆ ಅಲ್ಲಿ ಬ್ಯಾಡ.
ಸ್ವಲ್ಪ ಒಳಗೆ ತಳ್ಳು, ಸೋಫಾದ ಬುಡಕ್ಕೆ.
ಬಂದವ್ರಿಗೆ ಕಾಣಬಾರ್ದು.'

ತಳ್ಳಿದೆ.
ಈಗ ಚಿತ್ರದಲ್ಲಿ ಅದು ಎಲ್ಲೂ ಇಲ್ಲ.
ಆದರೂ ಯಂತ್ರ ಅದರ ನೆರಳಿನ ಲೆಕ್ಕ ಬಿಟ್ಟಿಲ್ಲ,
ನಾಲ್ಕೂಮುಕ್ಕಾಲರ ಬೆಳಕು ಕೆಳಗೆ ತೂರಿ ತಡಕುತ್ತಿದೆ.
ಫ್ಯಾನು ಬುಸುಗುಡುತ್ತಿದೆ.
ನೂರಕ್ಕೆ ಹನ್ನೊಂದು ಮುಗಿದಿದೆ.