ಹತ್ತು ಸೆಕೆಂಡು

ಲಗ್ನಕ್ಕ ಟ್ರೈಪಾಡ್ ಬೇಕೇನು ಅಂತ
ಬೈಕಿನ ಹಿಂದ ಕುಂತು ಭೀಮಶಾ ಕೇಳ್ತಾನ.
ಆಳಂದದ ಹಾದಿ. ಮೇ ತಿಂಗಳು.
ಮುಂಜಾನಿ ಏಳಕ್ಕೇ ಡಾಂಬರು ಮೆತ್ತಗಾಗ್ಯಾದ.
ಹಳೇ ಚಾದರದಾಗ ಸುತ್ತಿ ತೊಡಿ ಮ್ಯಾಲ ಅಡ್ಡ ಇಟ್ಕೊಂಡಾನ ಅದನ್ನ,
ಎದುರು ಬಂದವರು ಬಂದೂಕ ಅಂತ ತಿಳಕೊಂಡು
ಹೊಳ್ಳಿ ಹೊಳ್ಳಿ ನೋಡ್ತಾರ.

ಬ್ಯಾಡ, ಅಂದೆ.
ಅಕ್ಕಿಕಾಳು ಬೀಳೂ ಹೊತ್ತಿಗೆ ಯಾರೂ ನಿಂತಲ್ಲಿ ನಿಂದ್ರಂಗಿಲ್ಲ.
ಬಾಸಿಂಗದ ದಾರ ಮದುಮಗನ ಕಿವಿ ಕೊರೀತಿರ್ತದ,
ಹುಡುಗಿ ಅವ್ವನ್ನ ಹುಡುಕಿ ಕಣ್ಣೆತ್ತೂದು ಒಂದೇ ಸಲ,
ಅದೂ ನೀ ನಿಂತ ಕಡಿಗಿ ಅಲ್ಲ.
ಓಡಬೇಕು. ಕುರ್ಚಿ ಹತ್ತಬೇಕು.
ಸೋದರಮಾವನ ಕಂಕುಳಾಗ ತಲಿ ತೂರಸಬೇಕು.
ಮೊಣಕೈ ಎದಿಗೆ ಒತ್ತು, ಅರ್ಧ ಉಸಿರು ಬಿಡು, ಆಮ್ಯಾಲ ಷಟರ್.
ಈಗಿನ ಕ್ಯಾಮೆರಾ ನಿನಗಿಂತ ಶಾಣ್ಯಾ,
ಕೈ ನಡುಗಿದ್ರ ತಾನೇ ಸಂಭಾಳಸ್ತದ.
ಮೂರು ಕಾಲು ಅಗಲಿಸಿ ನಿಂತಿ ಅಂದ್ರ
ಒಂದಕ್ಕ ಹುಡುಗ್ರು ಎಡವ್ತಾವ,
ಒಂದಕ್ಕ ಬೀಗ್ತಿ ಸೆರಗು ಸಿಗ್ತದ,
ಇನ್ನೊಂದಕ್ಕ ಯಾವನೋ ಮುದ್ಯಾ ಕೈ ಊರಿ
ಊಟಕ್ಕ ಕರದ್ರೇನು ಅಂತ ಕೇಳ್ತಾನ.

ಮತ್ತ ಇದನ್ನ್ಯಾಕ ಹೊರಸ್ತಿ ನನಗ?

ಪರಸಿ ತುಂಬಿದ ಲಾರಿ ಒಂದು ಧೂಳು ಎಬ್ಬಿಸಿ ಹೋಯ್ತು.
ನಾ ಬಾಯಿ ಮುಚಗೊಂಡೆ.

ಇದು ಲಾಡ್ಲೇಸಾಬ ಉಸ್ತಾದಂದು.
ಅವರ ಕಾಲಕ್ಕ ರೀಲಿಗೆ ಮೂವತ್ತಾರು,
ಮೂವತ್ತೇಳನೇದು ಬಂದ್ರ ಮ್ಯಾಲಿನವನ ದಾನ.
'ಹಿಲೋ ಮತ್' ಅಂದ್ರು ಅಂದ್ರ
ಇಡೀ ಮನೆತನ ಕಲ್ಲಾಗ್ತಿತ್ತು, ಕೈಗೂಸು ಸುದ್ದಾ.
ಕಣ್ಣಿಗೆ ಪೊರಿ ಬಂದ ವರ್ಷ ನನಗ ಮಾರಿದ್ರು, ಎಂಟುನೂರಕ್ಕ.
ಬುದ್ಧಿಮಾತು ಏನೂ ಹೇಳಲಿಲ್ಲ,
ರೊಕ್ಕ ಎರಡು ಸಲ ಎಣಿಸಿದ್ರು.
ಒಂದು ಕಾಲಿಗೆ ಸೈಕಲ್ ಟ್ಯೂಬ್ ಬಿಗದಿದ್ದು ಅವರೇ.
ರಬ್ಬರ್ ಬೂಟು ಎರಡು ಕಳದಾವ, ಪರಸಿ ಮ್ಯಾಲ ಇಟ್ರ
ಟಿಕ್ ಅಂತದ, ಕೋಲಿನ ಮುದುಕಿ ಬಂದಂಗ.

ದಿನಾ ಪೂರ್ತಿ ಅಡಗಿಮನಿ ಗ್ವಾಡಿಗೆ ನಿಂತಿತ್ತು.
ರೊಟ್ಟಿ ಬಡಿಯೋರು ಟವೆಲ್ ಹಾಕಿದ್ರು,
ಯಾರೋ ಬಾಳಿಎಲಿ ಚೀಲ ತೂಗಹಾಕಿದ್ರು.

ಮೂರೂವರಿಗೆ ಹುಡುಗಿನ್ನ ಕಳಿಸಿ ಕೊಟ್ರು.
ಮಂಟಪದಾಗ ಅರಿಷಿಣದ ಅಕ್ಕಿ, ಬಾಡಿದ ಹೂವು,
ಒಂಟಿ ಚಪ್ಪಲ.
ಲೆನ್ಸ್ ಒರಸ್ಲಾಕತ್ತಿದ್ದೆ.
'ಫೋಟೊದವ್ನೇ, ನಮ್ಮದೊಂದು ತಗಿ' ಅಂದ್ಲು ಗೌರಾಬಾಯಿ,
ನಡುರಾತ್ರಿಯಿಂದ ಆರುನೂರು ರೊಟ್ಟಿ ಬಡದಾಕಿ.
ಕ್ಲಾರಿನೆಟ್ಟಿನ ತಿಪ್ಪಣ್ಣ ಟೊಪಿಗಿ ಸರಿಮಾಡಕೊಂಡ,
ಜನರೇಟರ್ ಯೂಸುಫ್ ಡೀಸಲ್ ಕೈ ಪ್ಯಾಂಟಿಗೆ ಒರಸಿದ,
ಭಾಂಡಿ ತಿಕ್ಕೋ ಹುಡುಗ್ಯಾರು ಎದ್ದು ಬಂದ್ರು, ಬೂದಿ ಕೈಲೇ.
'ಭೀಮಶಾನೂ ಬರಲಿ. ನೀನೂ ಬಾ.
ನಿನ್ನ ಫೋಟೊ ಯಾರು ತಗೀತಾರ?'

ಹನ್ನೊಂದು ವರ್ಷ, ನಾಕ್ನೂರರ ಮ್ಯಾಲ ಲಗ್ನ.
ಯಾವ ಆಲ್ಬಮಿನಾಗೂ ನಾ ಇಲ್ಲ.
ಒಂದರಾಗ ಮಾತ್ರ, ಅಲಮಾರಿ ಕನ್ನಡ್ಯಾಗ,
ಒಂದು ಮೊಣಕೈ.

ಟವೆಲ್ ತಗದೆ. ಚೀಲ ಇಳಿಸಿದೆ. ಟ್ಯೂಬ್ ಜಗ್ಗಿ ಬಿಗದೆ.
ಟಿಕ್. ಟಿಕ್. ಮೂರನೇದು ಸಪ್ಪಳಿಲ್ಲ.
ಟೈಮರ್ ಹತ್ತು ಸೆಕೆಂಡು.
ಕೆಂಪು ದೀಪ ಮಿಣುಕ್ಲಾಕತ್ತಿತು,
ನಾ ಓಡಿದೆ, ಬರಿಗಾಲಲೆ,
ಈಗಷ್ಟೇ ನೀರು ಹೊಡದ ಪರಸಿ ಮ್ಯಾಲ—

ಫೋಟೊದಾಗ ಯಾರೂ ಕ್ಯಾಮೆರಾ ನೋಡಿಲ್ಲ.
ಎಲ್ಲಾರೂ ನನ್ನ ನೋಡಿ ನಗ್ತಾರ,
ಗೌರಾಬಾಯಿ ಹಿಟ್ಟಿನ ಕೈ ಬಾಯಿ ಮ್ಯಾಲ,
ಯೂಸುಫನ ಮುಷ್ಟ್ಯಾಗ ನನ್ನ ಅಂಗಿ ಕಾಲರ್.
ಹಿಂದಿನ ಕೊಪ್ಪರಿಗಿ ಎಷ್ಟು ಚೊಕ್ಕ ಬಂದಾದ ಅಂದ್ರ
ಮ್ಯಾಲ ಕೆತ್ತಿದ ಹೆಸರು ಓದಬಹುದು.
ನಾನೊಬ್ಬನೇ ಅಳಿಸಿದಂಗ, ಒಲಿ ಹೊಗಿ ಹಂಗ.

ಇನ್ನೊಮ್ಮೆ ತಗೀಯೋಣು ಅಂದ ಭೀಮಶಾ.
ಅಷ್ಟ್ರಾಗ ಅವರು ಕೊಪ್ಪರಿಗಿ ಎತ್ಲಾಕ ಹೋಗಿದ್ರು.

ಹೊಳ್ಳಿ ಬರುವಾಗ ಕತ್ತಲ.
ಖರೆ ಹೇಳು, ಬೇಕೋ ಬ್ಯಾಡೋ? ಅಂತ ಮತ್ತ ಅವ.
ಕಾಲು ಒಳಗ ಹಿಡ್ಕೋ, ಅಂದೆ,
ಲಾರಿ ಬರ್ಲಾಕತ್ತಾದ.