ವಾಸನೆಗೆ ಪಥ್ಯವಿಲ್ಲ

ಐದೂ ಕಾಲಿಗೆ ಕದ ತೆಗೆದರೆ
ಉತ್ತರೆ ಮಳೆ ಹೊಸಿಲಲ್ಲೇ ನಿಂತಿದೆ,
ಬ್ಲೌಸು ಇವತ್ತೇ ಬೇಕು ಅಂತ
ಬೆಳಬೆಳಗ್ಗೆ ಬಂದು ಕೂತ ಗಿರಾಕಿಯ ಹಾಗೆ.
ಹೋಗು ಅಂದರೆ ಹೋಗುವಂಥದ್ದಲ್ಲ.

ಇವತ್ತೊಂದಿನ ಬಿಡೇ, ಅಂದಿತು ಮಂಡಿ.
ಇನ್ನೂರ ನಲವತ್ತು, ಅಂದಿತು
ಫ್ರಿಜ್ಜಿಗೆ ಅಂಟಿಸಿದ ಚೀಟಿ.
ಮಗಳ ಎನ್‌ಸಿಸಿ ಶೂ ಮಾತ್ರ ಏನೂ ಅನ್ನಲಿಲ್ಲ.
ಅವಳು ಮದ್ದೂರು ಸೇರಿ ಆರು ವರ್ಷ.
ತುದಿಗೆ ಒಂದಿಷ್ಟು ಹಳೇ ಅಸ್ತರಿನ ಬಟ್ಟೆ ತುರುಕಿದರೆ
ನನ್ನ ಕಾಲಿಗೂ ಸರಿ.

ಗುತ್ತಲಿನ ಮನೆಗಳು ಮುಗಿದು ನಾಲೆ ಏರಿ ಹತ್ತುವವರೆಗೆ
ನಡಿಗೆ ಮಾತ್ರ. ಬೀದಿಯಲ್ಲಿ ಓಡಬಾರದು,
ಓಡಿದರೆ ಕೇಳುತ್ತಾರೆ.
ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದ ಪುಟ್ಟಮಾದಮ್ಮ
ಮೊದಲ ದಿನವೇ ಕೇಳಿದ್ದಳು:
"ಯಾಕವ್ವ, ಯಾರಾರ ಅಟ್ಟುಸ್ಕೊಂಡ್ ಬತ್ತಾವ್ರಾ?"
ಹೂಂ ಕಣಕ್ಕ, ಅಂದಿದ್ದೆ, ಸಕ್ಕರೆ.
ಅವಳು ನಿಜವಾಗಲೂ ನನ್ನ ಹಿಂದೆ ಇಣುಕಿ ನೋಡಿದಳು.
ದೂರದಲ್ಲಿ ಫ್ಯಾಕ್ಟರಿಯ ಚಿಮಣಿ ಇತ್ತು.

ಏರಿ ಮೇಲೆ ಯಾರೂ ಇಲ್ಲ.
ಇರುವವನೊಬ್ಬ ನೀರುಗಂಟಿ,
ಗೊಬ್ಬರದ ಚೀಲ ಗೊಪ್ಪೆ ಹಾಕಿಕೊಂಡು
ತೂಬಿನ ಹತ್ತಿರ ಬೀಡಿ ಹಚ್ಚಲು ನೋಡುತ್ತಾನೆ.
ಮೂರನೇ ಕಡ್ಡಿಯೂ ನಂದಿತು.

ನಾನು ಓಡುತ್ತೇನೆ.
ಓಟ ಅಂದರೆ ಅಂಥ ಓಟವೇನಲ್ಲ,
ಹಳೇ ಮಿಷನ್ನಿನ ಕಾಲುತುಳಿತ,
ಟಕಟಕ ಟಕಟಕ, ದಾರ ಕಡಿಯದ ಹಾಗೆ.
ಮಳೆಯೂ ಪಕ್ಕದಲ್ಲೇ ಹೊಲಿಯುತ್ತ ಬರುತ್ತದೆ
ನಾಲೆಯ ಕಂದು ಬಟ್ಟೆಯನ್ನು,
ಅಳತೆಯಿಲ್ಲ, ಗೆರೆಯಿಲ್ಲ, ಕೊನೆಗೆ ಗಂಟೂ ಇಲ್ಲ.
ಇಂಥ ಕೆಲಸಕ್ಕೆ ನಾನಾದರೆ ಕೂಲಿ ಕೊಡುತ್ತಿರಲಿಲ್ಲ.

ಕನ್ನಡಕ ತೆಗೆದು ಚೂಡಿದಾರದ ಕತ್ತಿಗೆ ಸಿಕ್ಕಿಸಿದೆ.
ಕಬ್ಬಿನ ಗದ್ದೆ ಕರಗಿ ಬರೀ ಹಸಿರಾಯಿತು,
ಬೆಳ್ಳಕ್ಕಿ, ಬರೀ ಬಿಳಿ.
ಮೂವತ್ತು ವರ್ಷ ಸೂಜಿಯ ಕಣ್ಣಿಗೆ ಕಣ್ಣಿಟ್ಟವಳಿಗೆ
ಏನನ್ನೂ ಸರಿಯಾಗಿ ನೋಡಬೇಕಿಲ್ಲದ ಸುಖ
ಇಷ್ಟು ದೊಡ್ಡದು ಅಂತ ಯಾರು ಹೇಳಿದ್ದರು?

ಶೂ ಒಳಗೆ ನೀರು ಸೇರುವವರೆಗೆ ಜೋಪಾನ.
ಆಮೇಲೆ ಗುಂಡಿ ಕಂಡಲ್ಲೆಲ್ಲ
ಬೇಕೂಂತಲೇ ಕಾಲಿಟ್ಟೆ. ಪಚಕ್.
ಇನ್ನೊಂದು. ಪಚಕ್.
ಐವತ್ತಮೂರು ವರ್ಷದ ಹೆಂಗಸು,
ಒಂದು ಒಳ್ಳೇ ಗುಂಡಿಗೆ ವಾಪಸು ಹೋಗಿ ಹಾರಿ ಬಂದೆ.
ನೀರುಗಂಟಿ ನೋಡಲಿಲ್ಲ. ನೋಡಿದ್ದರೂ ಸರಿಯೇ.

ಎರಡನೇ ಸೇತುವೆಗೆ ದಮ್ಮು ಮುಗಿಯುತ್ತದೆ.
ಅಲ್ಲೇ ಹೊಂಬಾಳಯ್ಯನ ಆಲೆಮನೆ.
ಮಳೆಯಲ್ಲಿ ಹೊಗೆ ಮೇಲೇರಲಾರದೆ
ದಾರಿಗೆ ಅಡ್ಡ ಮಲಗಿತ್ತು, ಎಮ್ಮೆಯಂತೆ,
ಕೊಪ್ಪರಿಗೆಯ ಪಾಕವನ್ನೆಲ್ಲ ಮೈಗೆ ಬಳಿದುಕೊಂಡು.
ನಿಂತೆ. ಮಂಡಿಗೆ ಕೈಯೂರಿ, ಬಾಯಿ ಮುಚ್ಚಿ
ಮೂಗಲ್ಲಿ ಎಳೆದೆ, ಹೊಟ್ಟೆಯ ತಳ ಮುಟ್ಟುವಷ್ಟು.

"ಒಂದ್ ಚೂರು ಬಿಸಿ ಬೆಲ್ಲ ತಿನ್ನು ಬಾರಕ್ಕ"
ಒಳಗಿಂದ ಕೂಗಿದ.
ತಿಂತಾ ಇವ್ನಿ ಕಣಪ್ಪ, ಅಂದೆ.

ಡಾಕ್ಟರಮ್ಮನ ಚೀಟಿಯಲ್ಲಿ
ಅನ್ನ ಅರ್ಧ, ಹಲಸು ಬೇಡ, ಬಾಳೆಹಣ್ಣು ಬೇಡ,
ಬೆಲ್ಲದ ಕಾಫಿ ಬೇಡವೇ ಬೇಡ.
ವಾಸನೆಯ ಬಗ್ಗೆ ಒಂದಕ್ಷರವಿಲ್ಲ.
ಹಿಂದೆ ಮುಂದೆ ತಿರುಗಿಸಿ ಓದಿದ್ದೇನೆ.

ಬರುವಾಗ ಮಳೆ ನೇರ ಮುಖಕ್ಕೆ.
ನಾಲಿಗೆ ಚಾಚಿದೆ. ಸಪ್ಪೆ,
ಕುಡಿದಷ್ಟೂ ಕುಡಿಯಬಹುದಾದ ಸಪ್ಪೆ.

ಮನೆಯಲ್ಲಿ ಶೂ ಬಗ್ಗಿಸಿದರೆ
ಅರ್ಧ ಲೋಟ ನೀರು, ಕಬ್ಬಿನ ತರಗು,
ಮಣ್ಣು ಕುಡಿದು ಉಬ್ಬಿದ ಅಸ್ತರಿನ ಉಂಡೆ.
ಸ್ನಾನಕ್ಕೆ ಹೊತ್ತಿರಲಿಲ್ಲ,
ಸೀರೆ ಸುತ್ತಿಕೊಳ್ಳುವಷ್ಟರಲ್ಲಿ
ನಿಜವಾದ ಗಿರಾಕಿ ಛತ್ರಿ ಮಡಚುತ್ತಿದ್ದಳು.
ಹಾಳು ಮಳೆ, ಅಂದಳು.
ಹೂಂ ಅಂದೆ,
ಬಾಯಲ್ಲಿ ಗುಂಡುಸೂಜಿ ಇತ್ತು.

ತೋಳಿನ ಅಳತೆಗೆ ಟೇಪು ಹಿಡಿದು ಬಾಗಿದಾಗ
ನನ್ನ ಕೂದಲ ಹತ್ತಿರ ಅವಳ ಮೂಗು ಅರಳಿತು.
"ಏನಕ್ಕ, ಒಳಗೆ ಒಬ್ಬಟ್ಟಾ?"
ಹದಿಮೂರೂವರೆ, ಅಂತ ಬರೆದುಕೊಂಡೆ.